ಸೆಟೆದು ನಿಂತ ಮಗು: ವಿಕ್ಟೋರಿಯಾ ಕ್ಲಿಂಬಿಯೆ ಪ್ರಕರಣದ ಅಧ್ಯಯನ

1999ರ ಜುಲೈ ಕೊನೆಯಲ್ಲಿ ಉತ್ತರ ಲಂಡನ್ನಿನ ನಾರ್ತ್ ಮಿಡ್ಲ್‌ಸೆಕ್ಸ್ ಆಸ್ಪತ್ರೆಯ ಮಕ್ಕಳ ವಾರ್ಡಿಗೆ ಏಳು ವರ್ಷದ ಹುಡುಗಿಯೊಬ್ಬಳು ಸೇರಿದಳು. ಮುಖ ಮತ್ತು ತಲೆಯ ಮೇಲೆ ಬಿಸಿನೀರು ಬಿದ್ದ ಸುಟ್ಟಗಾಯ. ಹದಿಮೂರು ರಾತ್ರಿ ಅವಳು ಅಲ್ಲಿದ್ದಳು. ಗಾಯ ಮಾಗುತ್ತಿದ್ದಂತೆ ವಾರ್ಡಿನ ತುಂಬ ಓಡಾಡಿದಳು, ಚೆಂದದ ಬಟ್ಟೆ ತೊಡಿಸಿದರೆ ಗಿರಗಿರನೆ ಸುತ್ತಿ ತೋರಿಸಿದಳು, ದಾದಿಯರ ಅಕ್ಕರೆಗೆ ಪಾತ್ರಳಾದಳು. ತಾಯಿ ಎಂದು ಹೇಳಿಕೊಂಡ ಹೆಂಗಸು ನೋಡಲು ಬಂದಾಗ ಮಾತ್ರ ಅದೇ ಮಗು ಬೇರೆಯಾಗುತ್ತಿತ್ತು. ಕೈಗಳನ್ನು ಮೈಗೆ ಅಂಟಿಸಿಕೊಂಡು ಸೆಟೆದು ನಿಲ್ಲುತ್ತಿತ್ತು. ಒಮ್ಮೆ ನಿಂತಲ್ಲೇ ಬಟ್ಟೆ ಒದ್ದೆ ಮಾಡಿಕೊಂಡಿತು. ಇವರಿಬ್ಬರ ನಡುವಿನ ಸಂಬಂಧ ಯಜಮಾನ ಮತ್ತು ಸೇವಕರ ಸಂಬಂಧದಂತಿದೆ ಎಂದು ದಾದಿಯೊಬ್ಬರಿಗೆ ಅನಿಸಿತ್ತು.

ಈ ನಿಲುವನ್ನು ಕಂಡವರು ಹಲವರು. ಅದಕ್ಕೆ ಅರ್ಥ ಕಟ್ಟಿದವರೂ ಇದ್ದರು. ಪ್ರಕರಣ ವಹಿಸಿಕೊಂಡಿದ್ದ ಸಮಾಜ ಕಾರ್ಯಕರ್ತೆ ಮುಂದೆ ಮಗುವಿನ ಸಾವಿನ ಕುರಿತ ಸಾರ್ವಜನಿಕ ತನಿಖೆಯಲ್ಲಿ ಹೇಳಿದ್ದು ಇದು: ಆಫ್ರಿಕನ್-ಕೆರಿಬಿಯನ್, ಎಂದರೆ ಕೆರಿಬಿಯನ್ ದ್ವೀಪಗಳಿಂದ ಬಂದ ಆಫ್ರಿಕಾ ಮೂಲದ, ಕುಟುಂಬಗಳಲ್ಲಿ ಹಿರಿಯರಿಗೆ ಗೌರವ, ವಿಧೇಯತೆ ಬಹಳ ಮುಖ್ಯ, ಮಗು ಹಾಗೆ ನಿಲ್ಲುವುದನ್ನು ತಾನು ಆ ಬಗೆಯ ಸಂಬಂಧವೆಂದೇ ತಿಳಿದೆ. ಆ ಮಗು ಕೆರಿಬಿಯನ್ ಮೂಲದ್ದಾಗಿರಲಿಲ್ಲ. ಪಶ್ಚಿಮ ಆಫ್ರಿಕಾದ ಐವರಿ ಕೋಸ್ಟ್‌ನಿಂದ ಬಂದಿತ್ತು. ಅದರ ತಂದೆತಾಯಿ ತನಿಖೆಗೆ ಸ್ಪಷ್ಟವಾಗಿ ತಿಳಿಸಿದರು: ನಮ್ಮ ಮನೆಯಲ್ಲಿ ಮಗಳು ಯಾರ ಮುಂದೆಯೂ ಹಾಗೆ ನಿಲ್ಲಬೇಕಾಗಿರಲಿಲ್ಲ.

ಬಹುಸಂಸ್ಕೃತಿಯ ಸಮಾಜದಲ್ಲಿ ಸಮಾಜಕಾರ್ಯ ಹೇಗಿರಬೇಕು ಎಂದು ಕೇಳುವವರಿಗೆ ನಾನು ಮೊದಲು ಹೇಳುವ ಪ್ರಕರಣ ಇದು. ಇಲ್ಲಿ ಸಂಸ್ಕೃತಿಯನ್ನು ಯಾರೂ ಹೀಯಾಳಿಸಲಿಲ್ಲ. ಗೌರವಿಸಿದೆವು ಎಂದುಕೊಂಡರು. ಆ ಗೌರವದ ಹಿಂದೆ ಒಂದು ಪ್ರಶ್ನೆಯೂ ಇರಲಿಲ್ಲ.

ಹೊರಟ ದಾರಿ

ವಿಕ್ಟೋರಿಯಾ ಅಜೊ ಕ್ಲಿಂಬಿಯೆ ಹುಟ್ಟಿದ್ದು 1991ರ ನವೆಂಬರ್ 2ರಂದು, ಐವರಿ ಕೋಸ್ಟ್‌ನ ಅಬಿಜಾನ್ ಹತ್ತಿರದ ಅಬೋಬೋದಲ್ಲಿ. ಏಳು ಮಕ್ಕಳಲ್ಲಿ ಐದನೆಯವಳು. 1998ರಲ್ಲಿ ತಂದೆಯ ಅತ್ತೆ ವರಸೆಯ, ಎಂದರೆ ವಿಕ್ಟೋರಿಯಾಳಿಗೆ ಅಜ್ಜಿಯಾಗಬೇಕಾದ ಮರಿ-ತೆರೇಸ್ ಕುವಾವೊ ಊರಿಗೆ ಬಂದಳು. ಅವಳು ಫ್ರಾನ್ಸಿನಲ್ಲಿ ನೆಲೆಸಿದ್ದವಳು, ಅಲ್ಲಿನ ಪೌರತ್ವ ಪಡೆದವಳು. ಒಂದು ಮಗುವನ್ನು ಕರೆದೊಯ್ದು ಓದಿಸುತ್ತೇನೆ ಎಂದಳು. ಯುರೋಪಿನಲ್ಲಿರುವ ನೆಂಟರ ಕೈಗೆ ಮಕ್ಕಳನ್ನು ಒಪ್ಪಿಸುವುದು ಆ ಸಮಾಜದಲ್ಲಿ ಅಪರೂಪವಲ್ಲ ಎಂದು ತನಿಖಾ ವರದಿಯೇ ಹೇಳುತ್ತದೆ. ಇದನ್ನು ಒತ್ತಿ ಹೇಳಬೇಕು. ಮಗಳನ್ನು ಕಳುಹಿಸಿದ ತಂದೆತಾಯಿ ಮಗಳನ್ನು ಕೈಬಿಟ್ಟವರಲ್ಲ. ಬಂಧುತ್ವದ ಮೇಲಿನ ನಂಬಿಕೆಯೇ ಅವರ ಪಾಲಿಗೆ ಮಗಳ ಭವಿಷ್ಯದ ಏಣಿಯಾಗಿತ್ತು.

ಕುವಾವೊ ಮೊದಲು ಬೇರೊಂದು ಹುಡುಗಿಯನ್ನು ಕರೆದೊಯ್ಯಲು ಸಿದ್ಧತೆ ಮಾಡಿದ್ದಳು. ಅವಳ ಹೆಸರು ಅನ್ನಾ. ಆ ಹೆಸರಿನ ಪಾಸ್‌ಪೋರ್ಟ್ ಸಿದ್ಧವಾಗಿತ್ತು. ವಿಕ್ಟೋರಿಯಾ ಪ್ರಯಾಣ ಮಾಡಿದ್ದು ಅದೇ ಪಾಸ್‌ಪೋರ್ಟಿನಲ್ಲಿ, ಕುವಾವೊಳ ಮಗಳು ಅನ್ನಾ ಆಗಿ. ಕೆಲವು ತಿಂಗಳು ಫ್ರಾನ್ಸಿನಲ್ಲಿ ಕಳೆದವು. ಅಲ್ಲಿನ ಶಾಲೆ ಮಗುವಿನ ಗೈರುಹಾಜರಿಯನ್ನು ಗಮನಿಸಿ, ಮಗು ಅಪಾಯದಲ್ಲಿರಬಹುದೆಂದು ಅಧಿಕಾರಿಗಳಿಗೆ ತಿಳಿಸಿತ್ತು. 1999ರ ಏಪ್ರಿಲ್ 24ರಂದು ಇಬ್ಬರೂ ಲಂಡನ್ನಿಗೆ ಬಂದರು. ಯುರೋಪ್ ಒಕ್ಕೂಟದ ಪ್ರಜೆಯಾಗಿದ್ದ ಕುವಾವೊಳಿಗೆ ಗಡಿಯಲ್ಲಿ ಅಡ್ಡಿಯಿರಲಿಲ್ಲ. ಫ್ರಾನ್ಸಿನ ಶಾಲೆಗೆ ಗೊತ್ತಿದ್ದದ್ದು ಗಡಿ ದಾಟಿ ಬರಲಿಲ್ಲ.

ಬ್ರಿಟನ್ನಿನಲ್ಲಿ ಈ ಮಗುವನ್ನು ಕಂಡವರೆಲ್ಲರಿಗೂ ಅವಳು ಅನ್ನಾ. ನಿಜವಾದ ಹೆಸರು ಗೊತ್ತಾದದ್ದು ಅವಳು ತೀರಿಕೊಂಡ ಮೇಲೆ. ಜನಾಂಗೀಯ ಅಸ್ಮಿತೆಯ ಬಗ್ಗೆ ನಾವು ದೊಡ್ಡ ಮಾತುಗಳನ್ನು ಆಡುತ್ತೇವೆ. ಈ ಮಗುವಿನಿಂದ ಮೊದಲು ಕಳೆದುಹೋದ ಅಸ್ಮಿತೆ ಅವಳ ಹೆಸರು. ಅದರ ಜೊತೆಗೇ ಅವಳ ನಿಜವಾದ ತಂದೆತಾಯಿ ಯಾರೆಂಬುದೂ ಮರೆಯಾಯಿತು. ಹಾಗಾಗಿ ಅಬೋಬೋದಲ್ಲಿದ್ದ ಒಂದು ಇಡೀ ಕುಟುಂಬ ಯಾವ ಅಧಿಕಾರಿಯ ಕಣ್ಣಿಗೂ ಬೀಳಲಿಲ್ಲ.

ಮನೆಯ ಸಮಸ್ಯೆ ಎಂದು ಬರೆದುಕೊಂಡದ್ದು

ಏಪ್ರಿಲ್ 26ರಂದು ಕುವಾವೊ ಲಂಡನ್ನಿನ ಈಲಿಂಗ್ ಸ್ಥಳೀಯಾಡಳಿತದ ವಸತಿರಹಿತರ ವಿಭಾಗಕ್ಕೆ ಹೋದಳು. ಬ್ರಿಟನ್ನಿನ ಖಾಯಂ ನಿವಾಸಿಯಲ್ಲದ ಅವಳಿಗೆ ಮನೆ ಪಡೆಯುವ ಹಕ್ಕು ಇರಲಿಲ್ಲ. ವಸತಿ ವಿಭಾಗ ಅವಳನ್ನು ಸಮಾಜ ಸೇವಾ ವಿಭಾಗಕ್ಕೆ ಕಳುಹಿಸಿತು. ತಂಗುದಾಣವೊಂದರಲ್ಲಿ ಜಾಗವೂ, ಬದುಕಲು ಒಂದಿಷ್ಟು ಹಣವೂ ಸಿಕ್ಕಿತು. ಫ್ರಾನ್ಸಿಗೆ ಹಿಂದಿರುಗುವುದು ಒಳ್ಳೆಯದು ಎಂಬ ಸಲಹೆಯೂ ಸಿಕ್ಕಿತು. ಮುಂದಿನ ವಾರಗಳಲ್ಲಿ ಅವಳು ಹಲವು ಸಲ ಆ ಕಚೇರಿಗೆ ಬಂದಳು. ಎಷ್ಟೋ ಸಲ ಮಗುವೂ ಜೊತೆಗಿತ್ತು. ಚೆನ್ನಾಗಿ ಉಡುಪು ತೊಟ್ಟ ಹೆಂಗಸಿನ ಪಕ್ಕದಲ್ಲಿ ಬಡಕಲು ಮಗು ಇರುವುದು ಕೆಲವರ ಕಣ್ಣಿಗೆ ಬಿದ್ದೂ ಇತ್ತು.

ಇಂಗ್ಲೆಂಡಿನ 1989ರ ಮಕ್ಕಳ ಕಾಯ್ದೆಯ ಪ್ರಕಾರ ಅಗತ್ಯವಿರುವ ಮಗುವಿನ ಸ್ಥಿತಿಗತಿಯನ್ನು ಅಳೆದು ನೋಡುವುದು ಸ್ಥಳೀಯಾಡಳಿತದ ಹೊಣೆ. ಈಲಿಂಗ್ ಕಚೇರಿಯಲ್ಲಿ ಅಳೆದದ್ದು ಮಗುವನ್ನಲ್ಲ, ಹೆಂಗಸಿನ ಅರ್ಹತೆಯನ್ನು. ಮಗು ಶಾಲೆಗೆ ಹೋಗುತ್ತಿದೆಯೇ ಎಂಬ ಪ್ರಶ್ನೆ ಇಡೀ ವ್ಯವಹಾರದಲ್ಲಿ ಎಲ್ಲೂ ಎದ್ದು ನಿಲ್ಲಲಿಲ್ಲ. ವಿಕ್ಟೋರಿಯಾ ಬ್ರಿಟನ್ನಿನಲ್ಲಿ ಒಂದು ದಿನವೂ ಶಾಲೆಯ ಮೆಟ್ಟಿಲು ಹತ್ತಲಿಲ್ಲ.

ವಲಸೆಗಾರರ ಜೊತೆ ಕೆಲಸ ಮಾಡುವ ಕಚೇರಿಗಳಲ್ಲಿ ಇದು ಹಳೆಯ ರೋಗವೆಂದೇ ನನ್ನ ಭಾವನೆ. ಬಂದವರು ಯಾರು, ಏನಾಗಿದೆ ಎಂದು ಕೇಳುವ ಮೊದಲು ಇವರಿಗೆ ನಾವು ಏನು ಕೊಡಬೇಕಾಗಿಲ್ಲ ಎಂಬ ಲೆಕ್ಕ ನಡೆಯುತ್ತದೆ. ಆ ಲೆಕ್ಕ ಒಮ್ಮೆ ಶುರುವಾದರೆ ಬಂದವರೂ ಅದರ ಭಾಷೆಯಲ್ಲೇ ಮಾತಾಡಲು ಕಲಿಯುತ್ತಾರೆ. ಕುವಾವೊ ಅದನ್ನು ಬಲು ಬೇಗ ಕಲಿತಳು. ಅವಳ ಎಲ್ಲ ಭೇಟಿಯೂ ಮನೆಯ ಬಗ್ಗೆ. ಮಗು ಆ ಬೇಡಿಕೆಗೆ ಒಂದು ಆಧಾರಪತ್ರದಂತಾಯಿತು.

ಜೂನ್ 18ರಂದು ಕುವಾವೊಳ ದೂರದ ಸಂಬಂಧಿಯೊಬ್ಬರು ಲಂಡನ್ನಿನ ಇನ್ನೊಂದು ಸ್ಥಳೀಯಾಡಳಿತವಾದ ಬ್ರೆಂಟ್‌ನ ಸಮಾಜ ಸೇವಾ ವಿಭಾಗಕ್ಕೆ ಕರೆ ಮಾಡಿ, ಮಗುವಿನ ಮೈಮೇಲಿನ ಗಾಯಗಳ ಬಗ್ಗೆ ಹೆಸರು ಹೇಳದೆ ದೂರಿದರು. ಅದೇ ವಲಸಿಗ ಸಮುದಾಯದ ಒಳಗಿನವರು ಅವರು. ಇದು ನಮ್ಮ ಸಂಸ್ಕೃತಿಯ ಶಿಸ್ತು ಎಂದು ಅವರಿಗೆ ಅನಿಸಲಿಲ್ಲ. ಏನೋ ಕೆಟ್ಟದ್ದು ನಡೆಯುತ್ತಿದೆ ಎಂದು ಅನಿಸಿತು. ಸಂಸ್ಕೃತಿಯ ನಿಜವಾದ ಸಾಕ್ಷಿ ದೂರವಾಣಿಯ ಆ ತುದಿಯಲ್ಲಿತ್ತು. ಆ ದೂರಿನ ಮೇಲೆ ಮನೆ ಭೇಟಿಗೆ ಹೋದದ್ದು ಸುಮಾರು ನಾಲ್ಕು ವಾರದ ನಂತರ, ಜುಲೈ 14ರಂದು. ಅಷ್ಟರಲ್ಲಿ ಕುವಾವೊ ಮಗುವಿನೊಂದಿಗೆ ಬಸ್ ಚಾಲಕ ಕಾರ್ಲ್ ಮ್ಯಾನಿಂಗ್‌ನ ಟಾಟನ್‌ಹ್ಯಾಮ್ ಮನೆಗೆ ಹೋಗಿಬಿಟ್ಟಿದ್ದಳು.

ಅದೇ ಜುಲೈ 14ರಂದು, ಹಗಲಿನಲ್ಲಿ ಮಗುವನ್ನು ನೋಡಿಕೊಳ್ಳುತ್ತಿದ್ದ ಹೆಂಗಸಿನ ಮಗಳು ಗಾಯಗಳನ್ನು ಕಂಡು ಹೆದರಿ ಅವಳನ್ನು ಸೆಂಟ್ರಲ್ ಮಿಡ್ಲ್‌ಸೆಕ್ಸ್ ಆಸ್ಪತ್ರೆಗೆ ಕರೆತಂದಳು. ಮೊದಲು ನೋಡಿದ ವೈದ್ಯರಿಗೆ ಇದು ಯಾರೋ ಬೇಕೆಂದೇ ಮಾಡಿದ ಗಾಯವೆಂಬ ಅನುಮಾನ ಬಂತು. ಪೊಲೀಸ್ ರಕ್ಷಣೆಯ ಆದೇಶವೂ ಆಯಿತು. ಹಿರಿಯ ವೈದ್ಯರು ನೋಡಿ ತುರಿಕಜ್ಜಿ ಎಂದರು. ಮರುದಿನ ರಕ್ಷಣೆ ತೆಗೆದರು; ಮಗು ಕುವಾವೊಳ ಜೊತೆ ಹೊರಟುಹೋಯಿತು. ಆಫ್ರಿಕಾದಲ್ಲಿ ಬೆಳೆದ ಮಕ್ಕಳ ಮೈಮೇಲೆ ಯುರೋಪಿನ ಮಕ್ಕಳಿಗಿಂತ ಹೆಚ್ಚು ಕಲೆಗಳಿರುವುದು ಸಹಜ ಎಂಬ ಊಹೆ ಈ ಪ್ರಕರಣದಲ್ಲಿ ಹಲವರ ಮನಸ್ಸಿನಲ್ಲಿತ್ತೆಂದು ತನಿಖೆ ಕಂಡುಕೊಂಡಿತು. ಊಹೆ ಸರಿಯೋ ತಪ್ಪೋ, ಅದು ಆ ಕಲೆಗಳನ್ನು ಒಂದೊಂದಾಗಿ ನೋಡುವುದನ್ನೇ ತಡೆಯಬಲ್ಲದು ಎಂದು ವರದಿ ಎಚ್ಚರಿಸುತ್ತದೆ.

ಮೂವತ್ತು ನಿಮಿಷ

ಹತ್ತು ದಿನದ ನಂತರ, ಜುಲೈ 24ರಂದು, ಸುಟ್ಟಗಾಯ. ಕಜ್ಜಿಯ ತುರಿಕೆ ತಾಳಲಾರದೆ ಮಗು ತಾನೇ ಬಿಸಿನೀರು ಸುರಿದುಕೊಂಡಿತು ಎಂದಳು ಕುವಾವೊ. ಪ್ರಕರಣ ಟಾಟನ್‌ಹ್ಯಾಮ್ ಇರುವ ಹ್ಯಾರಿಂಗೇ ಸ್ಥಳೀಯಾಡಳಿತದ ಕೈಗೆ ಬಂತು. ವಹಿಸಿಕೊಂಡ ಸಮಾಜ ಕಾರ್ಯಕರ್ತೆ ಅನುಭವ ಕಡಿಮೆ ಇದ್ದವರು. ಕೈಯಲ್ಲಿ ಆಗಲೇ ಬೇಕಾದಷ್ಟು ಪ್ರಕರಣಗಳಿದ್ದವು. ಮೇಲಿನವರ ಮಾರ್ಗದರ್ಶನ ದುರ್ಬಲವಾಗಿತ್ತು. ಕಜ್ಜಿ ಅಂಟೀತೆಂಬ ಭಯದಲ್ಲಿ ಮನೆಭೇಟಿಯೇ ಒಮ್ಮೆ ರದ್ದಾಯಿತು. ಆಗಸ್ಟ್ 6ರಂದು ಮಗುವನ್ನು ಕುವಾವೊಳ ಕೈಗೆ ಒಪ್ಪಿಸಲಾಯಿತು.

ಆ ಮೇಲೆ ಆಗಸ್ಟ್ 16 ಮತ್ತು ಅಕ್ಟೋಬರ್ 28ರಂದು ಮನೆಭೇಟಿಗಳು ನಡೆದವು. ಎರಡನೆಯ ಭೇಟಿಯಲ್ಲಿ, ಗಂಭೀರ ಅಪಾಯದಲ್ಲಿರುವ ಮಕ್ಕಳಿಗೆ ಮಾತ್ರ ವಸತಿ ಸಿಗುತ್ತದೆ, ನಿಮಗಿಲ್ಲ ಎಂದು ಕುವಾವೊಳಿಗೆ ತಿಳಿಸಲಾಯಿತು. ಆ ತನಕ ಸುಮ್ಮನಿದ್ದ ಮಗು ಥಟ್ಟನೆ ಎದ್ದು, ನೀವು ನನ್ನನ್ನಾಗಲಿ ಅಮ್ಮನನ್ನಾಗಲಿ ಗೌರವಿಸುವುದಿಲ್ಲ, ನಮಗೆ ಮನೆ ಕೊಡಬೇಕು ಎಂಬರ್ಥದಲ್ಲಿ ಕೂಗಿತು. ಓದಿದಾಗಲೆಲ್ಲ ಈ ಜಾಗದಲ್ಲಿ ನನ್ನ ಕೈ ನಿಲ್ಲುತ್ತದೆ. ಏಳು ವರ್ಷದ ಮಗು ವಸತಿ ಕಚೇರಿಯ ಅರ್ಜಿದಾರಳಂತೆ ಮಾತಾಡಿದರೆ ಆ ಮಾತು ಎಲ್ಲಿಂದ ಬಂತು ಎಂದು ಅಲ್ಲೇ ಕುಳಿತು ವಿಚಾರಿಸಬೇಕಿತ್ತು. ಕೆಲವೇ ದಿನಗಳಲ್ಲಿ, ನವೆಂಬರ್ 1ರಂದು, ಮ್ಯಾನಿಂಗ್ ಮಗುವಿಗೆ ಲೈಂಗಿಕ ಕಿರುಕುಳ ಕೊಟ್ಟಿದ್ದಾನೆಂದು ಕುವಾವೊ ದೂರು ಕೊಟ್ಟಳು; ಮರುದಿನ ಹಿಂತೆಗೆದುಕೊಂಡಳು. ಆಗಲೂ ಮಗುವನ್ನು ಯಾರೂ ಸರಿಯಾಗಿ ಮಾತಾಡಿಸಲಿಲ್ಲ. ಆ ಚಳಿಗಾಲದ ರಾತ್ರಿಗಳನ್ನು ವಿಕ್ಟೋರಿಯಾ ಬೆಚ್ಚಗಿನ ವ್ಯವಸ್ಥೆಯಿಲ್ಲದ ಬಚ್ಚಲುಮನೆಯಲ್ಲಿ ಕಳೆಯುತ್ತಿದ್ದಳು.

ಸಮಾಜ ಕಾರ್ಯಕರ್ತೆ ಅವಳನ್ನು ಕಂಡದ್ದು ಒಟ್ಟು ನಾಲ್ಕು ಬಾರಿ. ಎಲ್ಲ ಸೇರಿಸಿದರೂ ಮೂವತ್ತು ನಿಮಿಷ ದಾಟದು. ವಿಕ್ಟೋರಿಯಾಳ ಭಾಷೆ ಫ್ರೆಂಚ್. ದುಭಾಷಿಯೊಬ್ಬರನ್ನು ಕರೆಸಿ, ಕುವಾವೊ ಇಲ್ಲದ ಕೋಣೆಯಲ್ಲಿ, ಅವಳ ಭಾಷೆಯಲ್ಲಿ ಅವಳ ದಿನ ಹೇಗೆ ಕಳೆಯುತ್ತದೆ ಎಂದು ನಿಧಾನವಾಗಿ ಕೇಳುವ ಕೆಲಸ ಆಗಲೇ ಇಲ್ಲ. ಕುಟುಂಬದ ಕಥೆ ಹೇಳಿದವಳೂ, ಮಗುವಿನ ಪರವಾಗಿ ಮಾತಾಡಿದವಳೂ ಹಿಂಸಿಸುತ್ತಿದ್ದವಳೇ.

ಧರ್ಮಗುರುಗಳೂ ಈ ಕಥೆಯಲ್ಲಿ ಬರುತ್ತಾರೆ. ಕುವಾವೊ ಮಗುವನ್ನು ಚರ್ಚುಗಳಿಗೆ ಕರೆದೊಯ್ದಳು. ಪಾದ್ರಿಯೊಬ್ಬರು ದುಷ್ಟಶಕ್ತಿ ಹೊಕ್ಕಿದೆ ಎಂದು ನಂಬಿದರು. ಕೊನೆಗೆ, 2000ದ ಫೆಬ್ರುವರಿ 24ರಂದು, ಮಗುವಿನ ಸ್ಥಿತಿ ಕಂಡು ಆಸ್ಪತ್ರೆಗೆ ಒಯ್ಯಿರಿ ಎಂದು ಹೇಳಿದವರೂ ಪಾದ್ರಿಯೇ. ಅವಳ ದೇಹದ ಉಷ್ಣತೆ 27 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಿತ್ತು. ಮರುದಿನ, ಫೆಬ್ರುವರಿ 25ರಂದು, ಸೇಂಟ್ ಮೇರಿ ಆಸ್ಪತ್ರೆಯಲ್ಲಿ ಅವಳು ತೀರಿಕೊಂಡಳು. ಮರಣೋತ್ತರ ಪರೀಕ್ಷೆಯಲ್ಲಿ 128 ಗಾಯಗಳು ಲೆಕ್ಕಕ್ಕೆ ಸಿಕ್ಕವು. ಹ್ಯಾರಿಂಗೇ ಕಚೇರಿಯಲ್ಲಿ ಅವಳ ಕಡತವನ್ನು ಮುಕ್ತಾಯಗೊಳಿಸಿದ್ದು ಅದೇ ದಿನ.

2001ರ ಜನವರಿಯಲ್ಲಿ ಕುವಾವೊ ಮತ್ತು ಮ್ಯಾನಿಂಗ್ ಇಬ್ಬರಿಗೂ ಜೀವಾವಧಿ ಶಿಕ್ಷೆಯಾಯಿತು. ಲಾರ್ಡ್ ಲ್ಯಾಮಿಂಗ್ ನೇತೃತ್ವದ ಸಾರ್ವಜನಿಕ ತನಿಖೆಯ ವರದಿ 2003ರ ಜನವರಿ 28ರಂದು ಹೊರಬಂತು. ನಾಲ್ಕು ಸಮಾಜ ಸೇವಾ ವಿಭಾಗ, ಮೂರು ವಸತಿ ಇಲಾಖೆ, ಎರಡು ಪೊಲೀಸ್ ಮಕ್ಕಳ ರಕ್ಷಣಾ ತಂಡ, ಎರಡು ಆಸ್ಪತ್ರೆ, ಒಂದು ಮಕ್ಕಳ ಸಂಸ್ಥೆಯ ಕೇಂದ್ರ: ಇಷ್ಟು ಕಡೆ ಈ ಮಗುವಿನ ವಿಷಯ ತಲುಪಿತ್ತು. ಕನಿಷ್ಠ ಹನ್ನೆರಡು ಸಂದರ್ಭಗಳಲ್ಲಿ ಅವಳನ್ನು ಉಳಿಸಬಹುದಿತ್ತು. ಅದಕ್ಕೆ ಅಸಾಮಾನ್ಯ ಕೌಶಲವೇನೂ ಬೇಕಿರಲಿಲ್ಲ ಎಂದರು ಲ್ಯಾಮಿಂಗ್. ಅವರ ಅತ್ಯಂತ ಕಟುವಾದ ಮಾತು ಬಿದ್ದದ್ದು ಮೇಲಧಿಕಾರಿಗಳ ಮೇಲೆ. ಕೆಳಗಿನ ಹುದ್ದೆಯ ಒಬ್ಬ ಹೆಂಗಸಿನ ತಲೆಗೆ ಎಲ್ಲವನ್ನೂ ಕಟ್ಟುವವರು ಇದನ್ನು ಮರೆಯಬಾರದು. ನಾನು ಇಲ್ಲಿ ಆ ಸಮಾಜ ಕಾರ್ಯಕರ್ತೆಯ ಊಹೆಯನ್ನು ಎತ್ತಿಕೊಂಡಿರುವುದು ಅವರನ್ನು ಹಳಿಯುವುದಕ್ಕಲ್ಲ, ಅಂಥ ಊಹೆ ನಮ್ಮೆಲ್ಲರ ತಲೆಯಲ್ಲೂ ಸುಲಭವಾಗಿ ಹುಟ್ಟುತ್ತದೆ ಎಂಬ ಕಾರಣಕ್ಕೆ.

ಊಹೆ ಹೇಗೆ ಕೆಲಸ ಮಾಡಿತು

ಮೊದಲು ಬಣ್ಣ. ಆ ಸಮಾಜ ಕಾರ್ಯಕರ್ತೆಯೂ ಕರಿಯರೇ, ಆಫ್ರಿಕನ್-ಕೆರಿಬಿಯನ್ ಹಿನ್ನೆಲೆಯವರು. ಒಂದೇ ಬಣ್ಣದವರು ಒಬ್ಬರನ್ನೊಬ್ಬರು ಅರಿಯುತ್ತಾರೆ ಎಂಬ ನಂಬಿಕೆ ಎಷ್ಟು ತೆಳುವಾದದ್ದು ಎಂಬುದಕ್ಕೆ ಇದಕ್ಕಿಂತ ನೋವಿನ ಉದಾಹರಣೆ ನನಗೆ ಗೊತ್ತಿಲ್ಲ. ಬ್ರಿಟನ್ನಿನ ಜನಗಣತಿ ಜನಾಂಗೀಯ ಗುಂಪಿನ ಬಗ್ಗೆ ಮೊದಲ ಸಲ ಕೇಳಿದ್ದು 1991ರಲ್ಲಿ. ಅಲ್ಲಿಯೂ ಕೆರಿಬಿಯನ್ ಮೂಲದ ಕರಿಯರಿಗೆ ಒಂದು ಚೌಕ, ಆಫ್ರಿಕಾ ಮೂಲದವರಿಗೆ ಇನ್ನೊಂದು ಚೌಕ. ಸರ್ಕಾರದ ನಮೂನೆಯಲ್ಲಿ ಬೇರೆಯಾಗಿದ್ದದ್ದು ಮನೆಭೇಟಿಯಲ್ಲಿ ಒಂದಾಗಿಹೋಯಿತು. ಕೆರಿಬಿಯನ್ ದ್ವೀಪಗಳಿಂದ ಬ್ರಿಟನ್ನಿಗೆ ಬಂದವರ ಚರಿತ್ರೆಯೇ ಬೇರೆ. ಫ್ರೆಂಚ್ ಆಳ್ವಿಕೆಯಿಂದ 1960ರಲ್ಲಿ ಬಿಡುಗಡೆಯಾದ ಐವರಿ ಕೋಸ್ಟ್‌ನ ಒಂದು ಕುಟುಂಬದ ಚರಿತ್ರೆಯೇ ಬೇರೆ. ಆ ಚೌಕಗಳ ಒಳಗೂ ನೂರು ಭಾಷೆ, ನೂರು ಬಗೆಯ ಮನೆಗಳಿವೆ.

ಎರಡನೆಯದು ಕಣ್ಣಿಗೆ ಕಂಡದ್ದನ್ನು ಹೋಲಿಸಿ ನೋಡದೆ ಇದ್ದದ್ದು. ಮಗು ವಾರ್ಡಿನಲ್ಲಿ ನಲಿಯುತ್ತಿತ್ತು, ಕುವಾವೊ ಬಂದರೆ ಮರಗಟ್ಟುತ್ತಿತ್ತು. ಹಿರಿಯರಿಗೆ ವಿಧೇಯವಾಗಿ ಬೆಳೆದ ಮಗುವಾದರೆ ಆ ವಿಧೇಯತೆ ವೈದ್ಯರ ಮುಂದೆ, ದಾದಿಯರ ಮುಂದೆ, ಅಪರಿಚಿತ ಹಿರಿಯರ ಮುಂದೆಯೂ ಅಷ್ಟಿಷ್ಟು ಕಾಣಿಸಬೇಕು. ಒಬ್ಬ ವ್ಯಕ್ತಿ ಬಾಗಿಲು ದಾಟಿ ಒಳಬಂದಾಗ ಹುಟ್ಟಿ, ಹೊರಹೋದಾಗ ಮಾಯವಾಗುವುದು ಸಂಸ್ಕೃತಿಯಲ್ಲ. ಆ ವ್ಯಕ್ತಿಯನ್ನು ಕಂಡರೆ ಮಗುವಿಗಾಗುವ ಭಯ. ಇದನ್ನು ಹೇಳಲು ಪಶ್ಚಿಮ ಆಫ್ರಿಕಾದ ಬಗ್ಗೆ ಏನೂ ಗೊತ್ತಿರಬೇಕಿಲ್ಲ. ವಾರ್ಡಿನ ದಾದಿಯರು ಕಂಡದ್ದೆಲ್ಲ ಬರಹಕ್ಕೆ ಇಳಿದು, ಸಮಾಜ ಕಾರ್ಯಕರ್ತೆಯ ಮೇಜು ತಲುಪಿ, ಎರಡು ಚಿತ್ರಗಳು ಪಕ್ಕಪಕ್ಕದಲ್ಲಿ ಬಿದ್ದಿದ್ದರೆ ಸಾಕಿತ್ತು.

ಮೂರನೆಯದು ಅಂಜಿಕೆ. ಸ್ಟೀಫನ್ ಲಾರೆನ್ಸ್ ಎಂಬ ಕರಿಯ ತರುಣನ ಕೊಲೆಯ ತನಿಖೆ ಕುರಿತ ಮ್ಯಾಕ್‌ಫರ್ಸನ್ ವರದಿ 1999ರ ಫೆಬ್ರುವರಿ 24ರಂದು ಪ್ರಕಟವಾಗಿತ್ತು. ಲಂಡನ್ ಪೊಲೀಸರಲ್ಲಿ ಸಾಂಸ್ಥಿಕ ಜನಾಂಗಭೇದ ಇದೆಯೆಂದು ಅದು ನೇರವಾಗಿ ಹೇಳಿತ್ತು. ಹೇಳಲೇಬೇಕಾಗಿದ್ದ ಮಾತು ಅದು. ವಿಕ್ಟೋರಿಯಾ ಲಂಡನ್ನಿಗೆ ಬಂದದ್ದು ಆ ವರದಿಯ ಬಿಸಿ ಆರುವ ಮೊದಲೇ. ಜನಾಂಗದ ಆಧಾರದ ಊಹೆ ನೇರ ಜನಾಂಗದ್ವೇಷದಷ್ಟೇ ಹಾನಿಕರ, ಜನಾಂಗದ್ವೇಷಿ ಎನಿಸಿಕೊಳ್ಳುವ ಅಂಜಿಕೆಯೂ ಮಾಡಬೇಕಾದ ಕೆಲಸವನ್ನು ತಡೆಯುತ್ತದೆ ಎಂದು ತನಿಖೆಯ ವಕೀಲರು ಆರಂಭದಲ್ಲೇ ಹೇಳಿದ್ದರು. ಬರೀ ಸಂಸ್ಕೃತಿಯ ಮೇಲೆ ಗಮನವಿಟ್ಟರೆ ಕರಿಯ ಮಕ್ಕಳು ಅಪಾಯದಲ್ಲೇ ಉಳಿಯುವ ಸಾಧ್ಯತೆಯಿದೆ ಎಂಬ ಸಾಕ್ಷ್ಯವೂ ತನಿಖೆಯ ಮುಂದೆ ಬಂತು. ಅದನ್ನು ನುಡಿದದ್ದು ಜನಾಂಗೀಯ ಸಮಾನತೆಗಾಗಿ ಕೆಲಸ ಮಾಡುವ ಸಂಸ್ಥೆಯವರೇ ಎಂಬುದು ಗಮನಿಸಬೇಕಾದದ್ದು.

ಬಣ್ಣ ಯಾವುದಾದರೇನು, ಮಗು ಮಗುವೇ ಎಂಬುದು ವರದಿಯ ನಿಲುವು. ಒಪ್ಪುತ್ತೇನೆ, ಆದರೆ ಅಲ್ಲಿಗೇ ನಿಲ್ಲಲಾರೆ. ಈ ಮಾತನ್ನು ಹಿಡಿದುಕೊಂಡು ಸಂಸ್ಕೃತಿಯ ಬಗ್ಗೆ ಕೇಳುವುದೇ ಬೇಡ ಎಂದು ಹೊರಟರೆ ಇನ್ನೊಂದು ಹಳ್ಳಕ್ಕೆ ಬೀಳುತ್ತೇವೆ. ಆಸ್ಟ್ರೇಲಿಯಾದಲ್ಲಿ ಮೂಲನಿವಾಸಿಗಳ ಮಕ್ಕಳನ್ನು ಅವರ ಒಳಿತಿಗೇ ಎಂದು ಮನೆಗಳಿಂದ ಕಿತ್ತುಕೊಂಡು ಹೋದರು. ‘ಕದ್ದೊಯ್ದ ತಲೆಮಾರುಗಳು’ ಎಂದು ಕರೆಸಿಕೊಳ್ಳುವ ಆ ಜನರ ಮುಂದೆ ಅಲ್ಲಿನ ಪ್ರಧಾನಿ ಸಂಸತ್ತಿನಲ್ಲಿ ಕ್ಷಮೆ ಕೇಳಿದ್ದು 2008ರ ಫೆಬ್ರುವರಿಯಲ್ಲಿ. ಅಲ್ಲಿ ಬೇರೆ ಬಗೆಯ ಕುಟುಂಬವನ್ನೇ ದೋಷವೆಂದು ಕಂಡರು. ಲಂಡನ್ನಿನಲ್ಲಿ ದೋಷವನ್ನೇ ಬೇರೆ ಬಗೆಯ ಕುಟುಂಬವೆಂದು ಕಂಡರು. ಎರಡು ಕಡೆಯೂ ಎದುರಿಗಿದ್ದ ಮಗುವಿಗೆ ಮಾತಿನ ಅವಕಾಶ ಸಿಗಲಿಲ್ಲ.

ಏನು ಮಾಡಬಹುದಿತ್ತು

ನಾನು ಆ ಕಡತವನ್ನು ಕೈಗೆತ್ತಿಕೊಂಡಿದ್ದರೆ ಎಂದು ಕಲ್ಪಿಸಿಕೊಂಡು ಹಲವು ಸಲ ಕುಳಿತಿದ್ದೇನೆ. ಮೊದಲ ಕೆಲಸ ಸಂಬಂಧವನ್ನು ಬಿಡಿಸಿ ನೋಡುವುದು. ಈ ಹೆಂಗಸು ಹೆತ್ತ ತಾಯಿಯೇ? ಮಗು ಹುಟ್ಟಿದ್ದು ಎಲ್ಲಿ, ಇಲ್ಲಿಗೆ ಬರುವ ಮೊದಲು ಯಾರ ಜೊತೆಗಿತ್ತು, ಯಾವ ಶಾಲೆಯಲ್ಲಿ? ಬಂಧುಗಳ ಮನೆಯಲ್ಲಿ ಮಕ್ಕಳು ಬೆಳೆಯುವ ಪದ್ಧತಿಯನ್ನು ತಿಳಿದವರು ಈ ಪ್ರಶ್ನೆಯನ್ನು ಅನುಮಾನದ ದನಿಯಿಲ್ಲದೆ ಸಹಜವಾಗಿ ಕೇಳಬಲ್ಲರು. ಸಂಸ್ಕೃತಿಯ ಅರಿವು ನಿಜಕ್ಕೂ ನೆರವಾಗುವ ಜಾಗ ಇದು. ಇಂಗ್ಲೆಂಡಿನ ಕಾಯ್ದೆಯಲ್ಲಿ ನಿಕಟ ಬಂಧುವಲ್ಲದವರು ಹದಿನಾರರೊಳಗಿನ ಮಗುವನ್ನು 28 ದಿನ ಅಥವಾ ಅದಕ್ಕಿಂತ ಹೆಚ್ಚು ಸಾಕಿದರೆ ಅದು ಖಾಸಗಿ ಪೋಷಣೆ, ಸ್ಥಳೀಯಾಡಳಿತಕ್ಕೆ ತಿಳಿಸಬೇಕು. ಅಜ್ಜ, ಅಜ್ಜಿ, ಒಡಹುಟ್ಟಿದವರು, ಚಿಕ್ಕಪ್ಪ, ಅತ್ತೆ ನಿಕಟ ಬಂಧುಗಳು. ತಂದೆಯ ಅತ್ತೆ ಆ ಪಟ್ಟಿಯಲ್ಲಿಲ್ಲ. ನಿಜ ಹೊರಬಿದ್ದಿದ್ದರೆ ಕಾನೂನೇ ಆ ಮನೆಯ ಬಾಗಿಲು ತೆರೆಸುತ್ತಿತ್ತು. 2004ರ ಮಕ್ಕಳ ಕಾಯ್ದೆ ಈ ನಿಯಮವನ್ನು ಬಿಗಿಗೊಳಿಸಿತು.

ಎರಡನೆಯದು ಸಮುದಾಯದೊಳಗಿನ ದನಿಗಳನ್ನು ಹುಡುಕುವುದು. ಕರೆ ಮಾಡಿದ ಆ ಸಂಬಂಧಿ, ಆಸ್ಪತ್ರೆಗೆ ಕರೆತಂದ ಆ ಯುವತಿ: ಇವರು ಮಗುವನ್ನು ಹತ್ತಿರದಿಂದ ಕಂಡವರು. ಹಾಗೆ ನಿಲ್ಲುವುದು ನಿಮ್ಮಲ್ಲಿ ವಾಡಿಕೆಯೇ ಎಂದು ಐವರಿ ಕೋಸ್ಟ್‌ನ ಒಬ್ಬರನ್ನು ಕೇಳಿದ್ದರೂ ಊಹೆ ಅಲ್ಲಾಡುತ್ತಿತ್ತು. ಅಮೆರಿಕದ ಇಬ್ಬರು ವೈದ್ಯೆಯರು 1998ರಲ್ಲಿ, ವಿಕ್ಟೋರಿಯಾ ಊರು ಬಿಟ್ಟ ವರ್ಷದಲ್ಲೇ, ಸಾಂಸ್ಕೃತಿಕ ವಿನಯ ಎಂಬ ಪರಿಕಲ್ಪನೆಯನ್ನು ಮುಂದಿಟ್ಟಿದ್ದರು. ಇನ್ನೊಬ್ಬರ ಸಂಸ್ಕೃತಿಯನ್ನು ಕಲಿತು ಮುಗಿಸಿದೆ ಎಂದುಕೊಳ್ಳದೆ, ತನ್ನ ಪೂರ್ವಗ್ರಹವನ್ನು ಪರೀಕ್ಷಿಸಿಕೊಳ್ಳುತ್ತ, ಎದುರಿಗಿರುವವರಿಂದಲೇ ಕಲಿಯುತ್ತ ಹೋಗುವುದು ಅದರ ತಿರುಳು. ತರಬೇತಿಗಳಲ್ಲಿ ಸಮುದಾಯಕ್ಕೊಂದು ಪುಟದಂತೆ ಹಂಚುವ ಸಂಸ್ಕೃತಿ ಪರಿಚಯದ ಹಾಳೆಗಳ ಮೇಲೆ ನನಗೆ ನಂಬಿಕೆ ಹೋದದ್ದು ಈ ಪ್ರಕರಣ ಓದಿದ ಮೇಲೆ. ಅಂಥ ಹಾಳೆಯ ಒಂದು ಸಾಲು ಈ ಮಗುವಿನ ಭಯವನ್ನು ಮುಚ್ಚಲು ಸಾಕಾಗುತ್ತಿತ್ತು.

ಮೂರನೆಯದು ದುಭಾಷಿ. ಲ್ಯಾಮಿಂಗ್ ವರದಿಯ 108 ಶಿಫಾರಸುಗಳಲ್ಲಿ ಒಂದು ಹೀಗಿದೆ: ಮಗುವಿನ ರಕ್ಷಣೆಗಾಗಿ ಅದರೊಂದಿಗೆ ಮಾತಾಡಬೇಕಾದಾಗ ಅದರ ಮೊದಲ ಭಾಷೆ ಇಂಗ್ಲಿಷ್ ಅಲ್ಲವಾದರೆ ದುಭಾಷಿಯನ್ನು ಬಳಸಲೇಬೇಕು, ಬಳಸದಿದ್ದರೆ ಏಕೆಂದು ಕಡತದಲ್ಲಿ ಬರೆಯಬೇಕು. ಇನ್ನೊಂದು ಶಿಫಾರಸು ಇದಕ್ಕಿಂತಲೂ ಸರಳ. ಮಕ್ಕಳಿರುವ ಕುಟುಂಬದ ಜೊತೆಗಿನ ಪ್ರತಿ ಹೊಸ ಸಂಪರ್ಕದಲ್ಲಿ ಮಗುವಿನ ಹೆಸರು, ವಿಳಾಸ, ವಯಸ್ಸು, ನೋಡಿಕೊಳ್ಳುವವರ ಹೆಸರು, ವೈದ್ಯರು, ಶಾಲೆ ಇಷ್ಟನ್ನು ದಾಖಲಿಸಬೇಕು.

ಪಟ್ಟಿಯಲ್ಲಿ ಮೊದಲು ಇರುವುದು ಹೆಸರು. ವಾರ್ಡಿನ ಆ ಹದಿಮೂರು ರಾತ್ರಿಗಳಲ್ಲಿ ಒಂದು ಸಂಜೆ, ಭೇಟಿಯ ಹೊತ್ತು ಮುಗಿದ ಮೇಲೆ, ಫ್ರೆಂಚ್ ಬಲ್ಲ ಯಾರಾದರೂ ಹಾಸಿಗೆಯ ಪಕ್ಕದಲ್ಲಿ ಕುಳಿತು, ನಿಮ್ಮೂರಿನಲ್ಲಿ ನಿನ್ನನ್ನು ಏನೆಂದು ಕರೆಯುತ್ತಿದ್ದರು ಎಂದು ಕೇಳಿದ್ದರೆ, ಏಳು ವರ್ಷದ ಆ ಹುಡುಗಿ ಅನ್ನಾ ಎನ್ನುತ್ತಿದ್ದಳೋ, ವಿಕ್ಟೋರಿಯಾ ಎನ್ನುತ್ತಿದ್ದಳೋ.